ಒಂಬತ್ತನೇ ತಾರೀಕು

ಲೆಕ್ಕದ ಪುಸ್ತಕ ನನ್ನದು. ನೀಲಿ ರಟ್ಟು,
ಮೂಲೆಯಲ್ಲಿ ಎಣ್ಣೆಯ ಕಲೆ.
ಗ್ಯಾಸು, ಹಿಟ್ಟು, ಮಗಳ ಬೂಟು,
ಪುಂತಾ ಅರೇನಸ್ಸಿನ ಗಾಳಿ ಕಿತ್ತೊಯ್ದ ತಗಡಿಗೆ ಬದಲು ತಗಡು.
ಅದರ ಕೆಳಗೆ, ಪ್ರತಿ ಒಂಬತ್ತನೇ ತಾರೀಕು,
ಯಾರೂ ಬಾಗಿಲು ತಟ್ಟದೆ, ಯಾರೂ ಕೈಚಾಚದೆ
ತಾನಾಗಿಯೇ ನಡೆದುಹೋಗುವ ಏಳು ಸಾವಿರ ಪೆಸೊ.
ಅದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತೇನೆ.

ಎಲಿಸೆಯೊ ಅನ್ನುತ್ತಾನೆ: ರೊಸೌರಾ, ಅದು ಆನ್‌ಲೈನ್ ಚಂದಾ.

ಪೆಟ್ಟಿಗೆಗೆ ಕೊಟ್ಟೆವು, ಹನ್ನೆರಡು ಕಂತು.
ಆಟದ ಡಿಸ್ಕಿಗೆ ಕೊಟ್ಟೆವು.
ಗೋಡೆ ಕೊರೆದು ಒಳಬಂದ ಇಂಟರ್ನೆಟ್ ತಂತಿಗೆ
ಕೊಡುತ್ತಲೇ ಇದ್ದೇವೆ.
ಇನ್ನು ಇದು ಯಾತಕ್ಕೆ?
ಸೈಕಲ್ಲು ನಮ್ಮದು, ಸವೆಸುವ ಕಾಲೂ ನಮ್ಮದು,
ಪಕ್ಕದಲ್ಲಿ ಇನ್ನೊಬ್ಬ ತುಳಿದರೆ ಮಾತ್ರ ಸುಂಕ!
ಒಬ್ಬನೇ ಆಡು, ಪುಕ್ಕಟೆ.
ಒಂಟಿತನಕ್ಕೆ ಯಾರೂ ಬಿಲ್ಲು ಹಾಕುವುದಿಲ್ಲ.

ತಿಂಗಳಿಗೆ ಮೂರು ಆಟ ಕೊಡ್ತಾರಲ್ಲ, ಅಂದ.
ಕೊಡ್ತಾರಾ? ಕಟ್ಟೋದು ನಿಲ್ಲಿಸಿ ನೋಡು, ಅಂದೆ.
ಜೂನಿನಲ್ಲಿ ಕಾರ್ಡಿನ ಅವಧಿ ಮುಗಿದು ಅದು ತಾನೇ ನಿಂತಿತು.
ನಲವತ್ತು ಆಟದ ಮೇಲೂ ಪುಟ್ಟ ಪುಟ್ಟ ಬೀಗ,
ಮದುವೆ ಮುಗಿದ ಬೆಳಗ್ಗೆ
ಎರವಲು ಒಡವೆ ಡಬ್ಬಿ ಸೇರಿದ ಹಾಗೆ.
ನಾನು ಗೆದ್ದೆ.
ಗೆದ್ದು ಏನು ಬಂತು,
ಆ ವಾರವೆಲ್ಲ ಅವನು ಸುಟ್ಟಿಲ್ಲದ ಬಲ್ಬುಗಳನ್ನು ಬದಲಿಸುತ್ತಿದ್ದ.

ಏಡಿಯ ಹಂಗಾಮಿನಲ್ಲಿ ಕಾರ್ಖಾನೆಯಿಂದ ಬರುತ್ತಾನೆ,
ಉಪ್ಪುನೀರಿಗೆ ಊದಿದ ಬೆರಳು;
ಚಮಚ ಜಾರುತ್ತದೆ, ಕಂಟ್ರೋಲರ್ ಜಾರುವುದಿಲ್ಲ.
ಅವರು ನಾಲ್ವರು. ಅಂತೋಫಗಾಸ್ತಾದ ಗಣಿಯಲ್ಲಿ
ಲಾರಿ ಓಡಿಸುವ ಉಲಿಸೆಸ್, ಕಾಸ್ತ್ರೋದ ಟೀಚರ್ ಮಿರೆಯಾ,
ಹೆಸರು ಹೇಳದ ಒಬ್ಬ ಹುಡುಗ, ಇವನು.
ಚಂದಾ ಕಟ್ಟಿ, ಕ್ರಮ ತಪ್ಪದೆ ಸೋಲುತ್ತಾರೆ.

ಒಂದು ಮಂಗಳವಾರ ಪಾಳಿ ಬೆಳೆಯಿತು.
ಫೋನಿನಲ್ಲಿ ಅಂದ: ಅವರಿಗೊಂದು ಮಾತು ಹೇಳಿಬಿಡು.
ಅವನ ತಲೆಯ ಅಳತೆಯ ಹೆಡ್‌ಸೆಟ್ಟು
ನನ್ನ ಕಿವಿಯಿಂದ ಜಾರುತ್ತಿತ್ತು, ಒಂದು ಕೈಯಲ್ಲಿ ಒತ್ತಿ ಹಿಡಿದೆ.
ಅವನು ಇವತ್ತು ಬರೋದಿಲ್ಲ, ಅಂದೆ.

ರೊಸೌರಾ ಅಲ್ಲವಾ, ಅಂದಿತು ಮರಳುಗಾಡಿನ ದನಿ.
ಮಂಗಳವಾರ ಇವತ್ತು. ಹಿಟ್ಟು ನಾದಲಿಲ್ಲವಾ?

ನನ್ನ ಹಿಟ್ಟು!
ಎರಡು ವರ್ಷ ಈ ಮೇಜಿನ ಮೇಲೆ ಎತ್ತಿ ಒಗೆದ ಹಿಟ್ಟಿನ ಸದ್ದು
ಮೈಕು ಹೊಕ್ಕು, ಸಮುದ್ರದ ಅಂಚಿಗುಂಟ ಹತ್ತಿ,
ಅಲ್ಲೊಂದು ತಗಡಿನ ಕೋಣೆಯಲ್ಲಿ
ಒಬ್ಬನ ಹಸಿವು ಕೆರಳಿಸುತ್ತಿತ್ತಂತೆ.
ಕುಕ್ಕರಿಸಿ ಕೂತು ಕೇಳಿದೆ: ಜಗಳವೂ ಕೇಳುತ್ತಾ?
ಯಾರೂ ಮಾತಾಡಲಿಲ್ಲ.
ಆಗ ಮೈಕು ಮುಚ್ಚಿಬಿಡ್ತಾನೆ, ಅಂದಳು ಮಿರೆಯಾ.
ಪ್ರತಿಸಲ ಅಲ್ಲ, ಅಂದ ಹೆಸರಿಲ್ಲದ ಹುಡುಗ.

ಸುಂಕದವನ ಮುಂದೆ ಸುಖದುಃಖ ಹೇಳಬಾರದು, ನಿಜ.
ಇವರು ಹೇಳುವುದು ಸುಂಕ ಕಟ್ಟಿಯಾದ ಮೇಲೆ,
ಗೇಟು ದಾಟಿ, ಅವನ ಬೆನ್ನ ಹಿಂದೆ.

ಹಾಗಂತ ನಾನು ಕರಗಲಿಲ್ಲ.
ತಾನಾಗಿ ಕಡಿತವಾಗುವ ಆ ಗುಂಡಿಯನ್ನು
ಮಗಳ ಕೈಯಲ್ಲಿ ಹುಡುಕಿಸಿ ಆರಿಸಿದೆ.
ಈಗ ಎಂಟನೇ ತಾರೀಕು ಸಂಜೆ ಎಲಿಸೆಯೊ ಬಂದು
ಬಾಗಿಲಿಗೆ ಒರಗಿ ನಿಲ್ಲುತ್ತಾನೆ. ಕೇಳಲಿ.
ನನ್ನ ಕೈ ದಾಟಿಯೇ ಹೋಗಲಿ ದುಡ್ಡು.
ಬೆಲೆಯುಂಟೋ ಇಲ್ಲವೋ, ಬಗೆಹರಿದಿಲ್ಲ;
ಈ ತಿಂಗಳು ಎಂಟುನೂರು ಏರಿಸಿದ್ದಾರೆ, ಕಳ್ಳರು.

ಬರೆದುಕೊಂಡೆ, ಯೀಸ್ಟಿನ ಕೆಳಗೆ, ಕಪ್ಪು ಶಾಯಿಯಲ್ಲಿ.
ಮಂಗಳವಾರ ಹಿಟ್ಟನ್ನು
ತುಸು ಎತ್ತರದಿಂದಲೇ ಒಗೆಯುತ್ತೇನೆ.
ಕೊಟ್ಟ ದುಡ್ಡಿಗೆ ಸರಿಯಾಗಿ ಕೇಳಿಸಲಿ.